‘ನಿಲ್ಲುತ್ತದೆ’ ಎಂಬ ಹೆಸರಿನ ಬಯಲು

ಇಂಗ್ಲೆಂಡಿನ ಪೂರ್ವಕ್ಕೆ, ನೆಲ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಗುತ್ತದೆ ಎಂದು ದೂರದಿಂದ ತಿಳಿಯದ ಜೌಗು ಸೀಮೆಯಲ್ಲಿ, ಆಸ್ಮಿಯರ್ ಎಂಬ ಸಣ್ಣ ಪಟ್ಟಣವಿದೆ. ಊರಿಗೆಲ್ಲ ಇರುವುದು ಒಂದೇ ದಿಬ್ಬ. ಆ ದಿಬ್ಬದ ಮೇಲೆ ಕೆಥೆಡ್ರಲ್, ಎಂದರೆ ಬಿಷಪ್ಪರ ಪೀಠವಿರುವ ದೊಡ್ಡ ಚರ್ಚು. ಪಡುವಣ ಬಾಗಿಲಿನಿಂದ ಒಳಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದ ದಪ್ಪ ಕಂಬಗಳ ಸಾಲು, ಅವುಗಳ ಮೇಲೆ ಅರ್ಧಚಂದ್ರದಂತಹ ಕಮಾನುಗಳು. ಮೂಡಣಕ್ಕೆ ನಡೆದಂತೆ ಕಂಬಗಳು ತೆಳ್ಳಗಾಗುತ್ತವೆ, ಕಮಾನುಗಳ ನೆತ್ತಿ ಮೊನಚಾಗುತ್ತದೆ, ಕಿಟಕಿಗಳು ಅಗಲವಾಗುತ್ತವೆ. ಬೆಳಗಿನ ಹೊತ್ತು ಬಣ್ಣದ ಗಾಜಿನಿಂದ ಇಳಿದ ಕೆಂಪು ನೀಲಿ ಬೆಳಕು ನೆಲಹಾಸಿನ ಗೋರಿಕಲ್ಲುಗಳ ಮೇಲೆ ಹರಡಿರುತ್ತದೆ. ಈ ಮೂಡಣ ಭಾಗದ ಕಂಬಗಳ ತಲೆಯನ್ನು ನೋಡಲೆಂದೇ ದೂರದಿಂದ ಬರುವವರಿದ್ದಾರೆ. ಬೇರೆ ಕಡೆ ದ್ರಾಕ್ಷಿಬಳ್ಳಿಯನ್ನೋ ದೇವದೂತರನ್ನೋ ಕೆತ್ತುವ ಜಾಗದಲ್ಲಿ ಇಲ್ಲಿ ಜೊಂಡುಹುಲ್ಲಿದೆ, ಒಂದಕ್ಕೊಂದು ಹೆಣೆದುಕೊಂಡ ಹಾವುಮೀನುಗಳಿವೆ, ಒಂಟಿಕಾಲಿನಲ್ಲಿ ನಿಂತ ಬಕವಿದೆ, ಬುಟ್ಟಿ ಹೊತ್ತ ಹೆಂಗಸಿನ ಬಾಗಿದ ಬೆನ್ನಿದೆ. ಜೌಗಿನಲ್ಲಿ ಹುಟ್ಟಿ ಬೆಳೆದ ಕಣ್ಣಲ್ಲದೆ ಬೇರೆ ಕಣ್ಣು ಇವುಗಳನ್ನು ಹೀಗೆ ಕಂಡಿರಲಾರದು.

ಇಂತಹ ಚರ್ಚುಗಳನ್ನು ಮೇಲಿನಿಂದ ನೋಡಿದರೆ ಶಿಲುಬೆಯ ಆಕಾರ ಕಾಣಬೇಕು: ಉದ್ದನೆಯ ಮೈ, ಎರಡು ತೋಳು, ತೋಳುಗಳು ಸೇರುವಲ್ಲಿ ಗೋಪುರ. ಆಸ್ಮಿಯರಿನ ಕೆಥೆಡ್ರಲ್ಲಿಗೆ ಗೋಪುರವಿಲ್ಲ, ಬಡಗಣ ತೋಳೂ ಇಲ್ಲ. ತೋಳು ಇರಬೇಕಾಗಿದ್ದ ಕಡೆ ಹೊರಗೆ ಹುಲ್ಲು ಬೆಳೆದ ಒಂದು ಬಯಲು, ಏರುತಗ್ಗಾಗಿ, ಮೊಣಕಾಲೆತ್ತರದ ಕಬ್ಬಿಣದ ಸರಳುಗಳ ಒಳಗೆ ಸುಮ್ಮನೆ ಬಿದ್ದಿದೆ. ಅದರ ಮೇಲೆ ಒಂದು ಕಲ್ಲೂ ನಿಂತಿಲ್ಲ. ಆದರೂ ಅದರ ಹೆಸರು ‘ವಿಲ್‌ಸ್ಟ್ಯಾಂಡ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ನಿಲ್ಲುತ್ತದೆ’. ಏನು ನಿಲ್ಲುತ್ತದೆ ಎಂದು ಕೇಳಿದರೆ ಪಟ್ಟಣದ ಹೊಸಬರು ನಕ್ಕು ಸುಮ್ಮನಾಗುತ್ತಾರೆ. ಹಲವು ತಲೆಮಾರುಗಳಿಂದ ಅಲ್ಲಿ ಗಂಟೆ ಹೊಡೆಯುತ್ತ ಬಂದ ಮನೆತನದ ಹಿರಿಯರು ಮಾತ್ರ ಕಥೆ ಬಲ್ಲವರು. ಕೇಳಿದವರಿಗೆ ಹೇಳುತ್ತಾರೆ; ಕೇಳದವರಿಗೆ ಹೇಳುವ ಉತ್ಸಾಹ ಅವರಿಗಿಲ್ಲ.

ಹಿಂದೆ ಒಮ್ಮೆ, ಈಗ್ಗೆ ಸುಮಾರು ಏಳು ನೂರು ವರ್ಷಗಳಾಗಿರಬಹುದು, ಆಸ್ಮಿಯರಿನಲ್ಲಿ ಸರ್ಲೋ ಎಂಬ ಕಲ್ಲುಕೆಲಸದ ಮೇಸ್ತ್ರಿ ಇದ್ದನಂತೆ. ಕಲ್ಲುಗಣಿಯ ಕೂಲಿಯೊಬ್ಬನ ಮಗ. ಹತ್ತೊಂಬತ್ತು ವರ್ಷ ದುಡಿದು ಕೆಥೆಡ್ರಲ್ಲಿನ ಮೂಡಣ ಭಾಗವನ್ನು ಕಟ್ಟಿದವನು ಅವನೇ. ಆ ಬಕ, ಆ ಹಾವುಮೀನು, ಆ ಬುಟ್ಟಿಯ ಹೆಂಗಸು ಅವನ ಉಳಿಯಿಂದ ಬಂದವು. ಹೆಚ್ಚು ಮಾತಿನವನಲ್ಲ. ಒಂದು ಕಲ್ಲನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಅದರ ಹೊಟ್ಟೆಯಲ್ಲಿ ಬಿರುಕಿದೆಯೋ ಇಲ್ಲವೋ ಹೇಳಬಲ್ಲವನಾಗಿದ್ದ, ಆ ಮಾತು ತಪ್ಪುತ್ತಿರಲಿಲ್ಲ ಎನ್ನುತ್ತಾರೆ. ಅವನಿಗೆ ಆಲ್ಡಿತ್ ಎಂಬ ತಂಗಿ. ಹಾವುಮೀನು ಹಿಡಿಯುವವನೊಬ್ಬನನ್ನು ಮದುವೆಯಾಗಿದ್ದಳು. ಒಂದು ಚಳಿಗಾಲದಲ್ಲಿ ಗಂಡ ದೋಣಿಯೊಂದಿಗೆ ಮುಳುಗಿದ. ಆ ವರ್ಷವೇ ಕೈಗೂಸು ಜ್ವರದಿಂದ ಹೋಯಿತು. ಆಗ ಅವಳಿಗೆ ಇಪ್ಪತ್ತಮೂರು ವಯಸ್ಸು. ಮತ್ತೆ ಮದುವೆಯಾಗೆಂದು ಊರವರು ಹೇಳಿದರು. ಅವಳು ಅಣ್ಣನ ಹತ್ತಿರ ಬಂದು, ನನ್ನನ್ನು ಗೋಡೆಯೊಳಗೆ ಇರಿಸು ಎಂದು ಕೇಳಿದಳು.

ಆ ಕಾಲದಲ್ಲಿ ಅಂಥದೊಂದು ಕಟ್ಟುನಿಟ್ಟಿನ ಸನ್ಯಾಸವಿತ್ತು. ಚರ್ಚಿನ ಗೋಡೆಗೆ ಒರಗಿಸಿ ಒಂದು ಕೋಣೆ ಕಟ್ಟುತ್ತಿದ್ದರು. ಒಳಗೆ ಹೋದವರ ಹಿಂದೆ ಬಾಗಿಲನ್ನು ಕಲ್ಲಿನಿಂದ ಮುಚ್ಚುತ್ತಿದ್ದರು. ಸಾಯುವ ತನಕ ಅವರು ಹೊರಗೆ ಬರುವಂತಿಲ್ಲ. ಚರ್ಚಿನ ಒಳಕ್ಕೆ ತೆರೆದ ಒಂದು ಕಿಂಡಿಯಿಂದ ಪೂಜಾಪೀಠ ಕಾಣುತ್ತಿತ್ತು. ಹೊರಗಿನ ಇನ್ನೊಂದು ಕಿಂಡಿಯಿಂದ ಊಟ ಬರುತ್ತಿತ್ತು, ಅದಕ್ಕೆ ಕಪ್ಪು ಬಟ್ಟೆಯ ಪರದೆ. ಬಾಗಿಲು ಮುಚ್ಚುವ ದಿನ ಪಾದ್ರಿಗಳು ಸತ್ತವರಿಗೆ ಹೇಳುವ ಪ್ರಾರ್ಥನೆಯನ್ನೇ ಹೇಳಿ, ಒಳಗಿರುವವರ ತಲೆಯ ಮೇಲೆ ಒಂದು ಹಿಡಿ ಮಣ್ಣು ಹಾಕುತ್ತಿದ್ದರು. ಲೋಕದ ಲೆಕ್ಕದಲ್ಲಿ ಅವರು ಅಂದಿಗೆ ಸತ್ತಂತೆ. ಆಲ್ಡಿತಳ ಕೋಣೆಗೆ ಜಾಗ ನೋಡಿದವನು ಸರ್ಲೋ. ಬಡಗಣ ತೋಳು ಚರ್ಚಿನ ಮೈಯನ್ನು ಸೇರುವ ಮೂಲೆ, ಆಗ ಇದ್ದ ಮೋಟು ಗೋಪುರವನ್ನು ಹೊತ್ತ ನಾಲ್ಕು ದೊಡ್ಡ ಕಂಬಗಳಲ್ಲಿ ಒಂದರ ಪಕ್ಕ. ಅಲ್ಲಿ ಗಾಳಿಯ ಹೊಡೆತ ಕಡಿಮೆ, ಜನರ ಓಡಾಟ ಕಡಿಮೆ. ಇಡೀ ಕಟ್ಟಡದಲ್ಲಿ ಅದಕ್ಕಿಂತ ಗಟ್ಟಿಯಾದ ಮೂಲೆ ಇಲ್ಲವೆಂದು ಅವನು ತಿಳಿದಿದ್ದ. ಬಾಗಿಲಿನ ಕಲ್ಲುಗಳನ್ನು ತಾನೇ ಜೋಡಿಸಿ, ತಾನೇ ಗಾರೆ ಹಚ್ಚಿದ. ಕೊನೆಯ ಕಲ್ಲು ಇಡುವಾಗ ಅವಳು ಒಳಗಿನಿಂದ, ಅಣ್ಣ, ಗಾರೆ ಚೆಲ್ಲುತ್ತಿದೆ ಎಂದಳಂತೆ.

ಅಂದಿನಿಂದ ಹನ್ನೊಂದು ವರ್ಷ ಸರ್ಲೋ ಅವಳ ಮುಖ ನೋಡಲಿಲ್ಲ. ಪ್ರತಿ ಗುರುವಾರ ಮಧ್ಯಾಹ್ನ ಹೊರಗಿನ ಕಿಂಡಿಯ ಬಳಿ ಒಂದು ಕಲ್ಲಿನ ಮೇಲೆ ಕುಳಿತು, ಪರದೆಯಾಚೆಗಿನ ದನಿಯೊಂದಿಗೆ ಒಂದು ಗಳಿಗೆ ಮಾತಾಡುತ್ತಿದ್ದ. ಈ ವಾರ ಯಾವ ಕಂಬದ ತಲೆ ಕೆತ್ತಿದೆ ಎಂದು ಅವಳು ಕೇಳುತ್ತಿದ್ದಳು. ಬಕದ ಕುತ್ತಿಗೆ ಮೀನು ನುಂಗುವಾಗ ಎಲ್ಲಿ ಉಬ್ಬುತ್ತದೆ, ಬುಟ್ಟಿ ತುಂಬಿದ್ದರೆ ಯಾವ ಭುಜ ಇಳಿಯುತ್ತದೆ ಎಂಬುದನ್ನೆಲ್ಲ ಅವಳು ಹೇಳಿದಂತೆಯೇ ಅವನು ಕೆತ್ತಿದ. ಅವಳಿಗೆ ಊಟ ತಂದುಕೊಡುತ್ತಿದ್ದ ಗಾಡ್ಲೆಫ್ ಎಂಬ ಹೆಂಗಸು ಪಕ್ಕದಲ್ಲೇ ಬಟ್ಟೆ ಹೊಲಿಯುತ್ತ ಕೂತಿರುತ್ತಿದ್ದಳು. ಮುಂದೆ ಊರಿಗೆ ಗೊತ್ತಾದದ್ದೆಲ್ಲ ಅವಳ ಬಾಯಿಂದಲೇ.

ಹೀಗಿರುವಾಗ ಹಳೆಯ ಬಿಷಪ್ ತೀರಿಕೊಂಡು ಜರ್ವೇಸ್ ಎಂಬವರು ಆ ಪೀಠಕ್ಕೆ ಬಂದರು. ಕೆಟ್ಟವರಲ್ಲ, ಉಪವಾಸ, ದಾನ, ಪ್ರಾರ್ಥನೆ ಯಾವುದರಲ್ಲೂ ಕೊರತೆಯಿಲ್ಲದವರು. ಜೌಗಿನಲ್ಲಿ ದಾರಿ ತಪ್ಪಿ ಸಾಯುವವರ ಸುದ್ದಿ ವರ್ಷವಿಡೀ ಕೇಳಿ, ಅವರ ಮನಸ್ಸಿನಲ್ಲಿ ಒಂದು ಆಸೆ ಹುಟ್ಟಿತು. ಇದ್ದ ಮೋಟು ಗೋಪುರದ ಮೇಲೆ ಅದರ ಮೂರರಷ್ಟು ಎತ್ತರಕ್ಕೆ ಕಟ್ಟಬೇಕು. ಇಪ್ಪತ್ತು ಮೈಲಿಯಾಚೆ ದೋಣಿಯಲ್ಲಿರುವವನಿಗೂ ದೇವರ ಮನೆ ಕಾಣಬೇಕು. ಸರ್ಲೋನನ್ನು ಕರೆಸಿ ಹೇಳಿದಾಗ ಅವನ ಮೈಯಲ್ಲಿ ಒಂದು ಬಿಸಿ ಹರಿದದ್ದು ಸುಳ್ಳಲ್ಲ. ಅಂತಹ ಕೆಲಸ ಒಬ್ಬ ಮೇಸ್ತ್ರಿಯ ಜೀವಮಾನದಲ್ಲಿ ಒಮ್ಮೆಯೂ ಬಾರದಿರಬಹುದು.

ಆದರೆ ಅದೇ ವಸಂತದಲ್ಲಿ ಒಬ್ಬ ಪಾದ್ರಿಯ ಗೋರಿಗೆಂದು ಆಲ್ಡಿತಳ ಕೋಣೆಯ ಪಕ್ಕದ ಬಡಗಣ ಕಂಬದ ಬುಡದಲ್ಲಿ ನೆಲ ಅಗೆದರು. ಆಳು ಮಟ್ಟ ಇಳಿಯುವಷ್ಟರಲ್ಲಿ ಗುದ್ದಲಿಗೆ ಕಪ್ಪು ಕೆಸರು ಸಿಕ್ಕಿತು, ಕೊಳೆತ ಮರದ ಗೂಟಗಳು ಸಿಕ್ಕವು. ಸರ್ಲೋ ಗುಂಡಿಗೆ ಇಳಿದು ಒಂದು ಗೂಟವನ್ನು ಹಿಡಿದ. ನೆನೆದ ರೊಟ್ಟಿಯ ಹಾಗೆ ಅದು ಅವನ ಕೈಯಲ್ಲಿ ಮುರಿಯಿತು. ಯಾವುದೋ ಹಳೆಯ ಹೊಳೆಯ ಪಾತ್ರದ ಮೇಲೆ ಹಿಂದಿನವರು ಕಂಬ ನಿಲ್ಲಿಸಿದ್ದರು. ಮೋಟು ಗೋಪುರದ ಭಾರವನ್ನು ಅದು ಹೇಗೋ ಇನ್ನೂರು ವರ್ಷ ತಾಳಿಕೊಂಡಿತ್ತು. ಸರ್ಲೋ ಬಿಷಪ್ಪರ ಬಳಿ ಹೋಗಿ ಕಂಡದ್ದನ್ನು ಕಂಡಂತೆ ಹೇಳಿದ. ಅವರು ತಾಳ್ಮೆಯಿಂದ ಕೇಳಿದರು. ತೆಂಕಣ ಸೀಮೆಯ ಇನ್ನೊಬ್ಬ ಮೇಸ್ತ್ರಿಯನ್ನೂ ವಿಚಾರಿಸಿದ್ದೇನೆ, ಆತ ಕಟ್ಟಬಹುದು ಎನ್ನುತ್ತಾನೆ, ನಿನಗೆ ಮನಸ್ಸಿಲ್ಲದಿದ್ದರೆ ಅವನು ಬರುತ್ತಾನೆ ಎಂದರು. ಸರ್ಲೋ ಮೂರು ದಿನ ಯೋಚಿಸಿದ. ಬೇರೆಯವನು ಬಂದರೆ ಪೂರ್ತಿ ಭಾರ ಹೇರುತ್ತಾನೆ; ತಾನಾದರೆ ಹಗುರ ಕಲ್ಲು ತರಿಸಿ, ಗೋಡೆಗಳನ್ನು ಪೊಳ್ಳಾಗಿ ಕಟ್ಟಿ, ಕಂಬಕ್ಕೆ ಆದಷ್ಟು ದಯೆ ತೋರಬಹುದು. ತನ್ನ ತಂಗಿ ಅದರ ಬುಡದಲ್ಲಿ ಇದ್ದಾಳೆಂದೇ ಈ ಕೆಲಸವನ್ನು ಬಿಡಬಾರದು ಎಂದು ತನಗೆ ತಾನೇ ಹೇಳಿಕೊಂಡ. ಅದು ನಿಜವೂ ಹೌದು. ಆದರೆ ಆ ಗೋಪುರ ತನ್ನ ಕೈಯಿಂದಲೇ ಏಳಬೇಕೆಂಬ ಆಸೆಯೂ ಅವನೊಳಗೆ ಇತ್ತು. ಯಾವುದು ಹೆಚ್ಚಿತ್ತೋ ಅವನಿಗೂ ಗೊತ್ತಿರಲಿಲ್ಲ ಎನ್ನುತ್ತಾರೆ.

ಆರು ವರ್ಷ ಗೋಪುರ ಏರಿತು. ನಾಲ್ಕೂ ಕಡೆ ಎತ್ತರದ ಜೋಡಿಕಿಟಕಿಗಳು, ಮೂಲೆಗಳಲ್ಲಿ ಕೋಡುಗಳು, ಅಂಚಿನುದ್ದಕ್ಕೂ ಜೊಂಡಿನ ಕುಚ್ಚುಗಳು. ದೋಣಿಯವರು ನೀರಿನ ಮೇಲಿನಿಂದ ನೋಡಿ ಹುಟ್ಟು ನಿಲ್ಲಿಸಿ ಕೈಮುಗಿಯುತ್ತಿದ್ದರು. ಅದಕ್ಕಿಂತ ಚೆಂದದ್ದನ್ನು ಸರ್ಲೋ ಕಟ್ಟಿರಲಿಲ್ಲ. ನಾಲ್ಕನೆಯ ವರ್ಷ ಬಡಗಣ ಕಂಬದಲ್ಲಿ ಕೂದಲೆಳೆಯ ಬಿರುಕು ಕಂಡಿತು. ಅವನು ಅದಕ್ಕೆ ಅಡ್ಡಲಾಗಿ ತೆಳ್ಳನೆಯ ಸುಣ್ಣದ ಪಟ್ಟಿಯೊಂದನ್ನು ಬಳಿದ, ಕಂಬ ಅಲುಗಿದರೆ ಪಟ್ಟಿ ಒಡೆಯುತ್ತದೆ ಎಂದು. ಏಳು ತಿಂಗಳಲ್ಲಿ ಅದು ಒಡೆಯಿತು. ಮತ್ತೊಂದು ಬಳಿದ. ಅದು ಮೂರು ತಿಂಗಳು ಬಾಳಿತು. ಆರನೆಯ ವರ್ಷದ ಫೆಬ್ರವರಿಯಲ್ಲಿ ಬಳಿದದ್ದು ಎಂಟು ದಿನಕ್ಕೆ ಒಡೆದಾಗ ಅವನು ಮತ್ತೆ ಬಿಷಪ್ಪರ ಮುಂದೆ ನಿಂತ. ಗೋಪುರ ಇಳಿಸಿರೆಂದು ಕೇಳಲಿಲ್ಲ. ಆಲ್ಡಿತಳನ್ನು ತೆಂಕಣ ಗೋಡೆಯ ಬಳಿ ಬೇರೊಂದು ಕೋಣೆಗೆ ಸಾಗಿಸಲು ಅಪ್ಪಣೆ ಕೊಡಿ ಎಂದಷ್ಟೇ ಕೇಳಿದ.

ವ್ರತ ತೊಟ್ಟವಳು ಹೊರಗೆ ಬಂದರೆ ಕಾರಣ ಬೇಕು, ಬರಿಯ ಕಾರಣವಲ್ಲ, ಎಲ್ಲರಿಗೂ ತಿಳಿಯುವಂತೆ ಓದಿ ಹೇಳಬಹುದಾದ ಕಾರಣ ಎಂದು ಬಿಷಪ್ ವಿವರಿಸಿದರು. ಆಮೇಲೆ, “ಈ ಗೋಪುರ ಬೀಳುತ್ತದೆ ಎಂದು ನೀನು ನನಗೆ ಬರೆದುಕೊಡು, ಮೇಸ್ತ್ರಿ. ಭಾನುವಾರ ಅದನ್ನು ಜನರ ಮುಂದೆ ನಾನೇ ಓದುತ್ತೇನೆ. ಅಂದೇ ಅವಳ ಬಾಗಿಲು ಒಡೆಸುತ್ತೇನೆ” ಎಂದರು. ಬೀಳುತ್ತದೆ ಎಂದು ಸರ್ಲೋನಿಗೆ ಖಚಿತವಿರಲಿಲ್ಲ. ಎಷ್ಟೋ ಕಟ್ಟಡಗಳು ಸ್ವಲ್ಪ ಕುಸಿದು, ಒರಗಿ, ಆಮೇಲೆ ನೂರಾರು ವರ್ಷ ಹಾಗೇ ನಿಂತದ್ದನ್ನು ಅವನು ಬಲ್ಲ. ಈಸ್ಟರ್ ಕಳೆದ ಮೇಲೆ ಮರದ ದಪ್ಪ ತೊಲೆಗಳನ್ನು ಕಂಬಕ್ಕೆ ಆನಿಸಿ ನೋಡುತ್ತೇನೆ, ಆಗಲೂ ಬಿರುಕು ಬೆಳೆದರೆ ಬರೆದುಕೊಡುತ್ತೇನೆ ಎಂದು ಹೇಳಿ ಹೊರಗೆ ಬಂದ.

ಮರುದಿನ ಗುರುವಾರ. ಅವನು ಕಿಂಡಿಯ ಬಳಿ ಕುಳಿತಾಗ ಆಲ್ಡಿತ್ ಕೆತ್ತನೆಯ ಸುದ್ದಿ ಕೇಳಲಿಲ್ಲ. ರೊಟ್ಟಿಯ ಮೇಲೆ ಕಲ್ಲಿನ ಪುಡಿ ಬೀಳುತ್ತಿದೆ ಎಂದಳು. ಗೋಡೆಗೆ ಕಿವಿ ಇಟ್ಟರೆ ಯಾರೋ ನಿದ್ದೆಯಲ್ಲಿ ಹಲ್ಲು ಕಡಿದ ಹಾಗೆ ಕೇಳಿಸುತ್ತದೆ ಎಂದಳು. ಆಮೇಲೆ ಪರದೆ ಸ್ವಲ್ಪ ಅಲುಗಿತು. ಅವಳು ಹತ್ತಿರಕ್ಕೆ ಬಂದಿದ್ದಳು.

“ಅಣ್ಣ, ಇದು ನಿಲ್ಲುತ್ತದೆಯೇ? ಇಲ್ಲ ಅಂತ ನೀನು ಹೇಳಿದರೆ ನಾನು ಹೊರಗೆ ಬಂದುಬಿಡುತ್ತೇನೆ. ದೇವರ ಹತ್ತಿರ ನಾನೇ ಮಾತಾಡಿಕೊಳ್ಳುತ್ತೇನೆ.”

ಸರ್ಲೋ ತನ್ನ ಕೈಗಳನ್ನು ನೋಡಿಕೊಂಡ. ಅವಳು ಹೊರಗೆ ಬಂದರೆ ಊರು ಅವಳನ್ನು ವ್ರತಭ್ರಷ್ಟೆ ಎನ್ನುತ್ತದೆ. ಅವಳಿಗೆ ಮನೆಯಿಲ್ಲ, ಮಗುವಿಲ್ಲ, ಇರುವುದು ಆ ವ್ರತ ಒಂದೇ. ಹೊರಗೆ ಬಂದ ಮೇಲೆ ಗೋಪುರ ಬೀಳದೆ ಹೋದರೆ ಅದನ್ನೂ ಅವಳಿಂದ ಕಿತ್ತುಕೊಂಡವನು ತಾನಾಗುತ್ತೇನೆ. ಇದೆಲ್ಲ ಅವನ ತಲೆಯಲ್ಲಿ ಓಡಿತು ಎನ್ನುತ್ತಾರೆ. ಮೇಲೆ, ಹೊಸ ಕಿಟಕಿಗಳಲ್ಲಿ, ಕಾಗೆಗಳು ಗೂಡಿಗೆ ಕಡ್ಡಿ ತರುತ್ತಿದ್ದವು.

“ನಿಲ್ಲುತ್ತದೆ” ಎಂದ.

“ಹಾಗಾದರೆ ಸರಿ” ಎಂದಳು ಅವಳು, ಪರದೆ ಮತ್ತೆ ನೆಟ್ಟಗಾಯಿತು. ಗಾಡ್ಲೆಫ್ ಹೊಲಿಗೆಯಿಂದ ತಲೆ ಎತ್ತಿ ಅವನ ಮುಖವನ್ನೇ ನೋಡುತ್ತಿದ್ದಳು.

ಅದಾದ ಒಂಬತ್ತನೆಯ ದಿನ, ಬೆಳಗಿನ ಪೂಜೆ ಮುಗಿದು ಪಾದ್ರಿಗಳು ಸಾಲಾಗಿ ಹೊರಗೆ ಹೋದ ಸ್ವಲ್ಪ ಹೊತ್ತಿಗೆ, ಬಡಗಣ ಕಂಬ ನೆಲಕ್ಕಿಳಿಯಿತು. ನೋಡಿದವರು ಹೇಳುವಂತೆ ಗೋಪುರ ಮೊದಲು ವಾಲಲಿಲ್ಲ; ಒಂದು ಗಳಿಗೆ ಕುಳಿತಂತೆ ಕಂಡಿತು, ಆಮೇಲೆ ಬಡಗಣಕ್ಕೆ ತಿರುಗಿ ಇಡೀ ತೋಳನ್ನು ಹೊದ್ದುಕೊಂಡು ಬಿತ್ತು. ಧೂಳು ಮಧ್ಯಾಹ್ನದವರೆಗೂ ಅಡಗಲಿಲ್ಲ. ಸರ್ಲೋ ಆಗ ತೆಂಕಣ ಅಂಗಳದಲ್ಲಿ, ಕಂಬಕ್ಕೆ ಆನಿಸಲೆಂದು ತರಿಸಿದ ತೊಲೆಗಳ ಉದ್ದ ಅಳೆಯುತ್ತಿದ್ದ. ಓಡಿ ಬಂದಾಗ ಕಂಡದ್ದು ಕಲ್ಲು, ಗಾಜು, ಸೀಸದ ತಗಡುಗಳ ದೊಡ್ಡ ರಾಶಿ. ಅದರ ಅಡಿಯಲ್ಲಿ ಆ ಮೂಲೆ.

ನಲವತ್ತು ಜನ ಕೆಲಸಗಾರರು ಕೈಗೆ ಸಿಕ್ಕಿದ್ದು ಹಿಡಿದು ರಾಶಿಗೆ ನುಗ್ಗಿದರು. ಸಂಜೆಯ ಹೊತ್ತಿಗೆ ಹೇಮೋ ಎಂಬ ಮುದುಕ, ಸರ್ಲೋನ ಜೊತೆ ಮೊದಲ ದಿನದಿಂದ ಕಲ್ಲು ಕೂರಿಸಿದವನು, ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದ. ರಾಶಿಯ ಅಡಿಯಿಂದ ಟಕ್, ಟಕ್ ಎಂಬ ಸದ್ದು. ಕಲ್ಲಿನ ಮೇಲೆ ಕಲ್ಲು ಬಡಿಯುವ ಸದ್ದು, ಬಿಟ್ಟು ಬಿಟ್ಟು. ಕೋಣೆಯ ಕಮಾನು ಮುರಿದಿರಲಿಲ್ಲ. ಸರ್ಲೋ ಅದನ್ನು ಅಷ್ಟು ಗಟ್ಟಿಯಾಗಿ ಕಟ್ಟಿದ್ದ. ಜನ ಅಳುತ್ತ ನಗುತ್ತ ಇನ್ನೂ ಜೋರಾಗಿ ಕಲ್ಲು ಎಳೆಯತೊಡಗಿದರು. ಆಗ ಮೇಲಿನಿಂದ ಪುಡಿ ಸುರಿಯಿತು. ಸರ್ಲೋ ತಲೆ ಎತ್ತಿದ. ಮೂಡಣ ಭಾಗದ ಗೋಡೆ, ಅವನ ಹತ್ತೊಂಬತ್ತು ವರ್ಷದ ಗೋಡೆ, ತನ್ನ ಕಂಬ ಕಳೆದುಕೊಂಡು ಹೊರಕ್ಕೆ ಬಾಗಿತ್ತು. ಅದು ಒರಗಿ ನಿಂತದ್ದು ಆ ರಾಶಿಯ ಮೇಲೆಯೇ. ಚರ್ಚಿನ ಒಳಗಿನಿಂದ ಗೋಡೆ ಒಡೆಯೋಣವೆಂದರೆ ಒಡೆಯಬೇಕಾದ ಗೋಡೆಯೂ ಅದೇ. ತೊಲೆ ಆನಿಸೋಣವೆಂದರೆ ತೊಲೆಗೆ ಕಾಲೂರಲು ಗಟ್ಟಿ ನೆಲವಿಲ್ಲ. ಸುತ್ತಲೂ ಕಪ್ಪು ಕೆಸರು ಬಾಯಿ ಬಿಟ್ಟಿತ್ತು. ಹೇಮೋ ಅವನ ಕಣ್ಣು ಹೋದ ಕಡೆ ನೋಡಿದ, ಅರ್ಥ ಮಾಡಿಕೊಂಡ.

“ಮೇಸ್ತ್ರಿ, ಇನ್ನು ಇವನ್ನು ತೆಗೆದರೆ ಮೇಲಿನದು ನಿಲ್ಲುತ್ತದೆಯೇ?”

ನಲವತ್ತು ಜನರೂ ಅವನನ್ನೇ ನೋಡುತ್ತಿದ್ದರು. ಅವರಲ್ಲಿ ಹೆಂಡತಿ ಮಕ್ಕಳಿದ್ದವರೇ ಹೆಚ್ಚು. ಅವನು ಒಂದು ಮಾತು ಹೇಳಿದರೆ ಅವರು ಮತ್ತೆ ಅಗೆಯುತ್ತಿದ್ದರು. ಅವನ ಮಾತಿನ ಮೇಲೆ ಅವರಿಗೆ ಅಷ್ಟು ನಂಬಿಕೆಯಿತ್ತು.

“ನಿಲ್ಲುವುದಿಲ್ಲ. ಎಲ್ಲರೂ ಇಳಿಯಿರಿ” ಎಂದ ಸರ್ಲೋ.

ಅವರು ಇಳಿದರು. ಅವನು ಇಳಿಯಲಿಲ್ಲ. ಕೋಣೆಗೆ ಎಷ್ಟು ಹತ್ತಿರ ಹೋಗಬಹುದೋ ಅಷ್ಟು ಹತ್ತಿರ ಹೋಗಿ ಕಲ್ಲುಗಳ ನಡುವೆ ಮುಖ ಇಟ್ಟು ಮಲಗಿದ. ಒಂದು ಕಲ್ಲನ್ನೂ ಮುಟ್ಟಲಿಲ್ಲ. ಮುಟ್ಟಿದರೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಸದ್ದು ಎರಡನೆಯ ದಿನವೂ ಇತ್ತು. ಮೂರನೆಯ ದಿನ ಮಧ್ಯಾಹ್ನದವರೆಗೆ ಇತ್ತು. ಅಷ್ಟು ಹೊತ್ತೂ ಅವನು ಕಲ್ಲುಗಳ ಸಂದಿಗೆ ಬಾಯಿಟ್ಟು ಏನೋ ಹೇಳುತ್ತಲೇ ಇದ್ದ. ಹೇಮೋ ನೀರು ಕೊಡಲು ಹೋದಾಗ ಕೇಳಿಸಿಕೊಂಡದ್ದು ಒಂದೇ ಮಾತು: ನನಗೆ ಗೊತ್ತಿತ್ತು, ಆಲ್ಡಿತ್, ನನಗೆ ಗೊತ್ತಿತ್ತು. ಅವಳಿಗೆ ಅದು ಕೇಳಿಸಿತೋ ಇಲ್ಲವೋ ಯಾರಿಗೂ ತಿಳಿಯದು. ಮಧ್ಯಾಹ್ನದ ಮೇಲೆ ಬಡಿತಗಳ ನಡುವಿನ ಬಿಡುವು ಉದ್ದವಾಗುತ್ತ ಹೋಯಿತು. ಕೊನೆಯದು ಯಾವುದೆಂದು ಅವನಿಗೂ ಗೊತ್ತಾಗಲಿಲ್ಲ. ಮುಂದಿನದಕ್ಕೆ ಕಾಯುತ್ತಲೇ ಇದ್ದ.

ಅದರ ಮುಂದಿನ ಭಾನುವಾರ ಬಿಷಪ್ ಜನರನ್ನು ಸೇರಿಸಿ ಪ್ರಾರ್ಥನೆ ಮಾಡಿಸಿದರು. ಇಷ್ಟು ದೊಡ್ಡ ಗೋಪುರ ಹಗಲಿನಲ್ಲಿ ಬಿದ್ದರೂ ಒಂದು ಜೀವವೂ ಹೋಗಲಿಲ್ಲ, ಇದು ದೇವರ ಕೃಪೆ ಎಂದರು. ಸರ್ಲೋ ಎದ್ದು ನಿಂತು ತನ್ನ ತಂಗಿಯ ಹೆಸರು ಹೇಳಿ, ಅವಳಿಗೆ ಮಣ್ಣು ಕೊಡುವ ಪ್ರಾರ್ಥನೆಯನ್ನಾದರೂ ಓದಿರಿ ಎಂದು ಕೇಳಿದ. ಅದು ಹನ್ನೊಂದು ವರ್ಷದ ಹಿಂದೆಯೇ ಆಗಿದೆ, ಒಬ್ಬರಿಗೆ ಎರಡು ಸಲ ಓದುವ ಪದ್ಧತಿಯಿಲ್ಲ ಎಂಬ ಉತ್ತರ ಬಂತು. ಹೇಳುವಾಗ ಬಿಷಪ್ಪರ ಕಣ್ಣಲ್ಲಿ ನೀರಿತ್ತಂತೆ. ಪವಾಡದ ಸುದ್ದಿ ಹರಡಿ ಯಾತ್ರಿಕರು ಮೊದಲಿಗಿಂತ ಹೆಚ್ಚು ಬರತೊಡಗಿದರು.

ಸರ್ಲೋನನ್ನು ಯಾರೂ ದೂರಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ತೋಳು ಹೋದ ಕಡೆ ಬಾಯಿ ತೆರೆದುಕೊಂಡಿದ್ದ ಕಮಾನನ್ನು ಮುಚ್ಚಲು, ಬಾಗಿದ್ದನ್ನು ತಡೆದು ನಿಲ್ಲಿಸಲು, ಒಂದು ಗೋಡೆ ಕಟ್ಟಬೇಕಿತ್ತು. ರಾಶಿಯನ್ನು ಅಲ್ಲಿಯೇ ಬಿಟ್ಟು, ಅದನ್ನೇ ಬುಡವಾಗಿಸಿಕೊಂಡು, ಅವನೇ ಕಟ್ಟಿದ. ಸುಣ್ಣ ಕಲಸುವುದರಿಂದ ಹಿಡಿದು ಕೊನೆಯ ಕಲ್ಲಿನವರೆಗೆ ಎಲ್ಲವೂ ಅವನ ಕೈಯದೇ. ಗಾಡ್ಲೆಫ್ ಮಾತ್ರ ಸುಮ್ಮನಿರಲಿಲ್ಲ. ಗುರುವಾರ ಕೇಳಿಸಿಕೊಂಡದ್ದನ್ನು ಸಂತೆಯಲ್ಲಿ, ಬಾವಿಯ ಹತ್ತಿರ, ಸಿಕ್ಕಸಿಕ್ಕವರಿಗೆ ಹೇಳಿದಳು. ಅವನು ಕೆಲಸಕ್ಕೆ ಹೊರಟರೆ ಹೆಂಗಸರು, ಮೇಸ್ತ್ರಿ ‘ನಿಲ್ಲುತ್ತದೆ’ಗೆ ಹೊರಟರು ಎನ್ನತೊಡಗಿದರು. ಮೊದಲು ಅದು ಅವನಿಗೆ ಕೇಳಿಸಲೆಂದೇ ಆಡಿದ ಮಾತು; ಆಮೇಲೆ ಆ ನೆಲದ ಹೆಸರೇ ಅದಾಯಿತು. ಒಮ್ಮೆ ಊರಿಗೆ ಹೊಸಬನೊಬ್ಬ ಬಂದು, ಹಾಳುಬಿದ್ದ ಈ ಜಾಗಕ್ಕೆ ಏನೆನ್ನುತ್ತಾರೆ ಎಂದು ಸರ್ಲೋನನ್ನೇ ಕೇಳಿದನಂತೆ. ಅವನು ಗಾರೆಯ ಕರಣೆ ಕೆಳಗಿಟ್ಟು, ಹೆಸರನ್ನು ಹೇಳಿ, ಮತ್ತೆ ಕರಣೆ ಎತ್ತಿಕೊಂಡ. ಆಮೇಲೆ ಹದಿನಾರು ವರ್ಷ ಬದುಕಿದ್ದ. ಮತ್ತೆ ಯಾವ ಕಂಬಕ್ಕೂ ಏನನ್ನೂ ಕೆತ್ತಲಿಲ್ಲ.

ಇಂದು ಆಸ್ಮಿಯರಿಗೆ ಹೋದವರು ಆ ಗೋಡೆಯನ್ನು ನೋಡಬಹುದು. ಕಿಟಕಿಯಿಲ್ಲ, ಕೆತ್ತನೆಯಿಲ್ಲ, ಒಂದು ಗೆರೆಯ ಅಲಂಕಾರವೂ ಇಲ್ಲ. ಯಾರೋ ಕಡಿಮೆ ನುರಿತವರ ಕೆಲಸವಿರಬೇಕು ಎಂದು ಅಲ್ಲಿ ಮಾರುವ ಕೈಪಿಡಿಯಲ್ಲಿ ಅಚ್ಚಾಗಿದೆ. ಹೆಸರಿನ ಹಿಂದಿನ ಕಹಿ ಎಂದೋ ಆರಿಹೋಯಿತು. ಈಗ ಅದನ್ನು ಒಳ್ಳೆಯ ಶಕುನದ ಹೆಸರೆಂದು ತಿಳಿದು ಮದುವೆಯಾದ ಜೋಡಿಗಳು ಚರ್ಚಿನಿಂದ ನೇರವಾಗಿ ಆ ಬಯಲಿಗೆ ಬರುತ್ತವೆ. ಬೇಸಗೆಯ ಶನಿವಾರಗಳಲ್ಲಿ ಒಬ್ಬರ ಹಿಂದೆ ಒಬ್ಬರು ಸರದಿಯಲ್ಲಿ ನಿಂತಿರುತ್ತಾರೆ. ತಮ್ಮ ಸಂಬಂಧವೂ ನಿಲ್ಲಲಿ ಎಂದು ಕೈ ಹಿಡಿದುಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲಿನ ನೆಲ ಇನ್ನೂ ಇಳಿಯುತ್ತಿದೆ. ಎರಡು ಮೂರು ವರ್ಷಕ್ಕೊಮ್ಮೆ ಬಂಡಿಗಟ್ಟಲೆ ಮಣ್ಣು ತಂದು ಸುರಿದು ಹುಲ್ಲು ಹಾಸುತ್ತಾರೆ. ಚಳಿಗಾಲದ ಮಳೆ ಕಳೆದರೆ ಮತ್ತೆ ತಗ್ಗು ಬೀಳುತ್ತದೆ. ಅದನ್ನು ಬಲ್ಲ ಫೋಟೋದವರು ಕ್ಯಾಮೆರಾ ಕಣ್ಣಿಗೆ ಹಿಡಿಯುವ ಮೊದಲು, ಸ್ವಲ್ಪ ಈಚೆ ಬನ್ನಿ, ನಡುವೆ ನಿಲ್ಲಬೇಡಿ, ಅಲ್ಲಿ ಕಾಲು ಹೂತುಹೋಗುತ್ತದೆ ಎಂದು ಮದುಮಗಳಿಗೆ ಹೇಳುತ್ತಾರೆ.